ಪುಟ್ಟೇನಹಳ್ಳಿಯಿಂದ ಬೆಟ್ಟದ ದಾರಿಗೆ... ಸೈಕಲ್ ಏರಿ!

ಮಕ್ಕಳ ಡಬ್ಬಿ, ಯಜಮಾನರ ಕಾಫಿ, ಅತ್ತೆಯವರ ಬಿ.ಪಿ. ಮಾತ್ರೆ, ಹಾಲಿನವನು, ಪೇಪರಿನವನು... ಬೆಳಿಗ್ಗೆ ಎಂಟೂವರೆ ತನಕ ಒಂಟಿ ಕಾಲಲ್ಲಿ ನಿಂತಿರುವ ನಿಮಗೆ ‘ಸೈಕಲ್ ಹತ್ತಿ ಹೊರಡಿ’ ಅಂದ್ರೆ ‘ನಿಮಗೇನು, ಹೇಳೋಕೆ ಸುಲಭ’ ಅಂತ ಮೂಗು ಮುರಿಯಬಹುದು. ದಿನಾ ಬೇಡ ಕಣ್ರೀ. ವಾರಕ್ಕೊಮ್ಮೆ, ಭಾನುವಾರ ಬೆಳಿಗ್ಗೆ ಎರಡು ಗಂಟೆ ಸಾಕು. ಅವತ್ತೊಂದಿನ ಉಪ್ಪಿಟ್ಟಿನ ರವೆಯನ್ನು ಮನೆಯಲ್ಲಿ ಬೇರೆ ಯಾರಾದರೂ ಹುರಿಯಲಿ!

ಯಲಹಂಕದ ಪುಟ್ಟೇನಹಳ್ಳಿಯವರಿಗೆ (ಜೆ.ಪಿ. ನಗರದ ಪಕ್ಕದ್ದಲ್ಲ, ನಮ್ಮ ಉತ್ತರದ್ದು) ಒಂದು ಅದೃಷ್ಟವಿದೆ. ಊರೊಳಗಿನವರು ಸೈಕಲ್ಲನ್ನು ಕಾರಿನ ಹಿಂದೆ ಕಟ್ಟಿಕೊಂಡು ಎಲ್ಲಿಗೆ ಬರುತ್ತಾರೋ ಆ ದಾರಿಗಳು ನಿಮ್ಮ ಮನೆ ಬಾಗಿಲಲ್ಲೇ ಶುರುವಾಗುತ್ತವೆ. ಆದರೂ ಬೆಳಿಗ್ಗೆ ನಂದಿಯ ಕಡೆ ಸಾಲು ಸಾಲಾಗಿ ಹೋಗುವ ಸೈಕಲ್ಲುಗಳನ್ನು ನೋಡಿ, ನಮ್ಮ ವಯಸ್ಸಿನ ಹೆಂಗಸರು ಎಷ್ಟು ಮಂದಿ ಕಾಣ್ತಾರೆ? ತಡೆಯುವುದು ಮಂಡಿ ನೋವಲ್ಲ, ‘ಈ ವಯಸ್ಸಲ್ಲಿ ಸೈಕಲ್ಲಾ?’ ಅನ್ನುವ ಆ ಒಂದು ಪ್ರಶ್ನೆ. ನಮ್ಮ ರಾಜ್ಯದಲ್ಲಿ ಹೈಸ್ಕೂಲ್ ಹುಡುಗಿಯರಿಗೆ ಸರ್ಕಾರಿ ಸೈಕಲ್ ಕೊಡಲು ಶುರು ಮಾಡಿದ್ದು 2006-07ರಲ್ಲಿ. ಆಗ ಎಂಟನೇ ಕ್ಲಾಸಿನಲ್ಲಿದ್ದವಳು ಇವತ್ತು ಮೂವತ್ತು ದಾಟಿದ ಗೃಹಿಣಿ. ಅವಳ ಕಾಲು ಪೆಡಲನ್ನು ಮರೆತಿರುವುದಿಲ್ಲ. ಕಲಿಯದೇ ಇದ್ದವರೂ ಬೇಸರ ಪಡಬೇಡಿ. 1990ರ ದಶಕದ ಆರಂಭದಲ್ಲಿ ತಮಿಳುನಾಡಿನ ಪುದುಕೋಟ್ಟೈ ಜಿಲ್ಲೆಯಲ್ಲಿ ಅಕ್ಷರದ ಜೊತೆಗೆ ಸೈಕಲ್ಲನ್ನೂ ಕಲಿತ ಹಳ್ಳಿ ಹೆಂಗಸರು ಸಾವಿರಾರು. ಲೇಡೀಸ್ ಸೈಕಲ್ ಸಿಗದಿದ್ದಾಗ ಗಂಡಸರ ಸೈಕಲ್ಲನ್ನೇ ತುಳಿದರು. ಮುಂದಿನ ಬಾರ್ ಮೇಲೆ ಮಗು ಕೂರಿಸಬಹುದಲ್ಲ ಅಂತ ಕೆಲವರಿಗೆ ಅದೇ ಹೆಚ್ಚು ಇಷ್ಟವಾಯಿತಂತೆ!

ಮೊದಲು ಮನೆ ಸುತ್ತ

ಮೊದಲ ಮೂರು ನಾಲ್ಕು ವಾರ ದೊಡ್ಡ ರಸ್ತೆಗೆ ಇಳಿಯಲೇಬೇಡಿ. ಯಲಹಂಕ ನ್ಯೂ ಟೌನಿನಲ್ಲಿ ಹೌಸಿಂಗ್ ಬೋರ್ಡ್ ಕಾಲದ ಅಗಲವಾದ ಒಳರಸ್ತೆಗಳಿವೆ. ಬೆಳಿಗ್ಗೆ ಆರರ ಹೊತ್ತಿಗೆ ಅಲ್ಲಿ ವಾಕಿಂಗ್‌ನವರು, ನಾಯಿಗಳು ಬಿಟ್ಟರೆ ಹೆಚ್ಚು ಜನ ಇರುವುದಿಲ್ಲ. ನಾಯಿ ಅಟ್ಟಿಸಿಕೊಂಡು ಬಂದರೆ ಜೋರಾಗಿ ತುಳಿಯಬೇಡಿ. ನಿಧಾನ ಮಾಡಿ, ಇಳಿದು, ಸೈಕಲ್ಲನ್ನು ನಿಮಗೂ ಅದಕ್ಕೂ ನಡುವೆ ಇಟ್ಟುಕೊಂಡು ನಡೆಯಿರಿ. ಮುಕ್ಕಾಲು ಪಾಲು ನಾಯಿಗಳಿಗೆ ಓಡುವ ಚಕ್ರದ ಮೇಲೇ ಸಿಟ್ಟು!

ಪುಟ್ಟೇನಹಳ್ಳಿ ಕೆರೆಯ ಹತ್ತಿರ ಒಂದು ಸುತ್ತು ಹೋಗಿ, ಆದರೆ ಸೈಕಲ್ಲನ್ನು ಹೊರಗೇ ನಿಲ್ಲಿಸಿ. 2015ರಲ್ಲಿ ಅದನ್ನು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶ ಅಂತ ಘೋಷಿಸಿದ್ದಾರೆ. ಹಾವಕ್ಕಿ, ಬಣ್ಣದ ಕೊಕ್ಕರೆ ನೋಡುತ್ತಾ ಹತ್ತು ನಿಮಿಷ ಸುಧಾರಿಸಿಕೊಳ್ಳಲು ಇದಕ್ಕಿಂತ ಒಳ್ಳೆ ಜಾಗ ಬೇಕೇ?

ಹೆಸರಘಟ್ಟದ ಕಡೆ

ಧೈರ್ಯ ಬಂದ ಮೇಲೆ ದೊಡ್ಡಬಳ್ಳಾಪುರ ರಸ್ತೆ ಹಿಡಿಯಿರಿ. ಸಿಂಗನಾಯಕನಹಳ್ಳಿ ದಾಟಿ ಆರೇಳು ಕಿಲೋಮೀಟರಿಗೆ ರಾಜಾನುಕುಂಟೆ. ಅಲ್ಲಿಂದ ಎಡಕ್ಕೆ ತಿರುಗಿ ಕಾಕೋಳು ಕಡೆ ಹೊರಟರೆ ಲಾರಿ ಸದ್ದು ಹಿಂದೆ ಬಿದ್ದು ದ್ರಾಕ್ಷಿ ತೋಟ, ರಾಗಿ ಹೊಲ ಸಿಗುತ್ತವೆ. ಹೆಸರಘಟ್ಟಕ್ಕೆ ಹೋಗಿ ಬರಲು 35ರಿಂದ 40 ಕಿ.ಮೀ. ಆಗುತ್ತದೆ. ಮೊದಲ ಸಲ ಕಾಕೋಳಿನಿಂದಲೇ ವಾಪಸ್ ಬಂದರೂ ಯಾರೂ ಮಾರ್ಕ್ಸ್ ಕಡಿಮೆ ಕೊಡಲ್ಲ.

ನಮ್ಮ ಅಜ್ಜಿಯಂದಿರ ಕಾಲದಲ್ಲಿ ಬೆಂಗಳೂರಿನ ನಲ್ಲಿಗೆ ಬರುತ್ತಿದ್ದದ್ದು ಇದೇ ಹೆಸರಘಟ್ಟದ ನೀರು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ, 1894ರಲ್ಲಿ, ಅರ್ಕಾವತಿಗೆ ಅಡ್ಡಲಾಗಿ ಈ ಕೆರೆ ಸಿದ್ಧವಾಯಿತು. ಮಳೆ ಕೈಕೊಟ್ಟ ವರ್ಷ ಕೆರೆ ಬಯಲಾಗಿರುತ್ತದೆ, ನೋಡಿದರೆ ಹೊಟ್ಟೆ ಉರಿಯುತ್ತೆ. ಪಕ್ಕದಲ್ಲೇ ವಿಶಾಲವಾದ ಹುಲ್ಲುಗಾವಲು. ಅದನ್ನು ಸಂರಕ್ಷಣಾ ಮೀಸಲು ಪ್ರದೇಶ ಮಾಡಲು 2024ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿಗೆ ಕೊಟ್ಟಿತು. ಹುಲ್ಲಿನ ಮೇಲೆ ಸೈಕಲ್ ಓಡಿಸಬೇಡಿ, ನೆಲದಲ್ಲೇ ಗೂಡು ಕಟ್ಟುವ ಹಕ್ಕಿಗಳಿರುತ್ತವೆ. ಪ್ರೊತಿಮಾ ಬೇಡಿ 1990ರಲ್ಲಿ ಕಟ್ಟಿದ ನೃತ್ಯಗ್ರಾಮವೂ ಇಲ್ಲೇ.

ಇನ್ನೂ ದೂರ ಹೋಗಬಲ್ಲವರಿಗೆ ಘಾಟಿ ಸುಬ್ರಹ್ಮಣ್ಯ ಇದೆ. ದೊಡ್ಡಬಳ್ಳಾಪುರ ದಾಟಿ, ಒಂದು ದಿಕ್ಕಿಗೇ ನಲವತ್ತರ ಹತ್ತಿರ. ಇದಕ್ಕೊಂದು ಉಪಾಯ: ನೀವು ನಸುಕಿನಲ್ಲೇ ಸೈಕಲ್ಲಿನಲ್ಲಿ ಹೊರಡಿ, ಮನೆಯವರೆಲ್ಲ ನಿಧಾನವಾಗಿ ಕಾರಿನಲ್ಲಿ ಬರಲಿ. ಒಟ್ಟಿಗೆ ದರ್ಶನ ಮಾಡಿ, ವಾಪಸ್ ಸೈಕಲ್ಲನ್ನು ಕಾರಿಗೆ ಕಟ್ಟಿ ನೀವು ನಿದ್ದೆ ಮಾಡಿ! ದನಗಳ ಜಾತ್ರೆಯ ದಿನಗಳಲ್ಲಿ ಮಾತ್ರ ಆ ರಸ್ತೆ ಬೇಡ.

ನಂದಿಗೆ ಆತುರ ಬೇಡ

ಎಲ್ಲರಿಗೂ ಕಣ್ಣು ನಂದಿ ಬೆಟ್ಟದ ಮೇಲೇ. ಒಂದು ಕಡೆಗೆ ಸುಮಾರು 45 ಕಿ.ಮೀ. ಬೆಟ್ಟದ ತುದಿ ಸಮುದ್ರ ಮಟ್ಟದಿಂದ 1,478 ಮೀಟರ್. ಕಾರಹಳ್ಳಿ ಕ್ರಾಸಿನಿಂದ ಶುರುವಾಗುವ ಎಂಟು ಕಿಲೋಮೀಟರಿನಷ್ಟು ದಾರಿಯಲ್ಲಿ ನಾನೂರು ಮೀಟರಿಗೂ ಹೆಚ್ಚು ಮೇಲೇರಬೇಕು, ಅದೂ ತಿರುವಿನ ಮೇಲೆ ತಿರುವು. ಗೇರಿಲ್ಲದ ಸೈಕಲ್ಲಿನಲ್ಲಿ ಮಂಡಿಗೆ ಶಿಕ್ಷೆ. ಗೇರಿದ್ದರೂ ಏರು ಶುರುವಾಗುವ ಮೊದಲೇ ಹಗುರದ ಗೇರಿಗೆ ಬನ್ನಿ. ಕಷ್ಟವಾದ ಮೇಲೆ ಗೇರ್ ಬದಲಿಸಲು ಹೋದರೆ ಚೈನು ಕಳಚುತ್ತದೆ.

ನಿಜವಾದ ಅಪಾಯ ಇರುವುದು ಹತ್ತುವಾಗ ಅಲ್ಲ, ಇಳಿಯುವಾಗ. ಮುಂದಿನ ಬ್ರೇಕನ್ನು ಒಂದೇ ಸಲ ಹಿಡಿದರೆ ಹ್ಯಾಂಡಲ್ ಮೇಲಿಂದ ಪಲ್ಟಿ! ಎರಡೂ ಬ್ರೇಕನ್ನು ಒಟ್ಟಿಗೆ, ಹಿಡಿದು ಬಿಟ್ಟು ಹಿಡಿದು ಬಿಟ್ಟು ಒತ್ತಿ. ತಿರುವು ಬರುವ ಮೊದಲೇ ವೇಗ ಇಳಿಸಿ, ತಿರುವಿನೊಳಗೆ ಬೇಡ. ಮಳೆಗಾಲದಲ್ಲಿ, ಮಂಜಿನ ದಿನಗಳಲ್ಲಿ ಹೋಗಲೇಬೇಡಿ. 2021ರ ಆಗಸ್ಟಿನಲ್ಲಿ ಮಣ್ಣು ಕುಸಿದು ಈ ರಸ್ತೆ ತಿಂಗಳುಗಟ್ಟಲೆ ಮುಚ್ಚಿತ್ತು. ಗೇಟಿನ ಸಮಯ, ನಿಯಮಗಳು ಬದಲಾಗುತ್ತಿರುತ್ತವೆ, ಹೊರಡುವ ಮೊದಲು ವಿಚಾರಿಸಿಕೊಳ್ಳಿ. ಬಳ್ಳಾರಿ ರಸ್ತೆಯ ಬಗ್ಗೆ ನನ್ನ ಅಭಿಪ್ರಾಯ ಒಂದೇ: ಏರ್‌ಪೋರ್ಟಿಗೆ ಓಡುವ ಕಾರುಗಳ ಮಧ್ಯೆ ನಮಗೇನು ಕೆಲಸ? ಸುತ್ತಾದರೂ ಸರಿ, ದೊಡ್ಡಬಳ್ಳಾಪುರದ ಕಡೆಯಿಂದಲೇ ಹೋಗಿ.

ಯಾರೂ ಹೇಳದ ಸಂಗತಿಗಳು

ಸೀಟಿನ ಎತ್ತರ ನೋಡಿಕೊಳ್ಳಿ. ಪೆಡಲ್ ಕೆಳಗಿದ್ದಾಗ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು. ನಮ್ಮಲ್ಲಿ ಹೆಚ್ಚಿನವರು ಭಯಕ್ಕೆ ಸೀಟು ಇಳಿಸಿ, ಆಮೇಲೆ ‘ಸೈಕಲ್ಲಿಂದ ಮಂಡಿ ನೋವು ಬಂತು’ ಅಂತಾರೆ. ಚೂಡಿದಾರ್ ಆದರೂ ಪರವಾಗಿಲ್ಲ, ಆದರೆ ವೇಲ್ ಮನೆಯಲ್ಲೇ ಇರಲಿ, ಪ್ಯಾಂಟಿನ ಅಂಚನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟಿ. ವೇಲ್ ಚಕ್ರಕ್ಕೆ ಸಿಕ್ಕಿದರೆ ಪ್ರಾಣಕ್ಕೇ ಬರುತ್ತದೆ. ಹೆಲ್ಮೆಟ್, ಹಿಂದೆ ಕೆಂಪು ಲೈಟ್ ಇಲ್ಲದೆ ಬೆಳಕು ಹರಿಯುವ ಮೊದಲು ಹೊರಡಬೇಡಿ.

ಶೌಚಾಲಯದ ಚಿಂತೆಯಿಂದಲೇ ಎಷ್ಟೋ ಮಂದಿ ನೀರು ಕುಡಿಯದೆ ಹೊರಡುತ್ತಾರೆ. ಅದು ತಪ್ಪು, ತಲೆನೋವು, ಉರಿಮೂತ್ರ ಎರಡೂ ಬರುತ್ತದೆ. ದೊಡ್ಡಬಳ್ಳಾಪುರ ರಸ್ತೆಯ ಪೆಟ್ರೋಲ್ ಬಂಕ್‌ಗಳಲ್ಲಿ ಶೌಚಾಲಯ ಕೇಳಿ, ಕೊಡಬೇಕಾದ್ದು ಅವರ ಕರ್ತವ್ಯ. ಒಳದಾರಿಗೆ ತಿರುಗುವ ಮೊದಲೇ ಆ ಕೆಲಸ ಮುಗಿಸಿ. ಬಾಟಲಿಗೆ ನಿಂಬೆಹಣ್ಣು, ಚಿಟಿಕೆ ಉಪ್ಪು, ಸ್ವಲ್ಪ ಸಕ್ಕರೆ ಹಾಕಿದ ನೀರು. ಹೊರಡುವ ಮೊದಲು ಒಂದು ಬಾಳೆಹಣ್ಣು ಅಥವಾ ಅರ್ಧ ಲೋಟ ರಾಗಿ ಗಂಜಿ. ರಕ್ತಹೀನತೆ, ಬಿ.ಪಿ., ಹೃದಯದ ತೊಂದರೆ ಇದ್ದವರು ಡಾಕ್ಟರನ್ನು ಕೇಳಿಯೇ ಏರು ಹತ್ತಿ. ಒಬ್ಬರೇ ಹೋಗುವುದಕ್ಕಿಂತ ಪಕ್ಕದ ಬೀದಿಯ ಇಬ್ಬರನ್ನು ಕರೆದುಕೊಳ್ಳಿ. ಮೊಬೈಲಿನಲ್ಲಿ 112 ನೆನಪಿರಲಿ.

ಹಾಂ, ಇನ್ನೊಂದು. ವಾಯುನೆಲೆಯಲ್ಲಿ ಏರ್ ಶೋ ನಡೆಯುವ ಫೆಬ್ರವರಿ ವಾರದಲ್ಲಿ ಯಲಹಂಕದ ರಸ್ತೆಗಳೆಲ್ಲ ಕಿಕ್ಕಿರಿದಿರುತ್ತವೆ. ಅಷ್ಟು ದಿನ ಸೈಕಲ್ಲಿಗೆ ಎಣ್ಣೆ ಬಿಟ್ಟು ಒರೆಸಿಟ್ಟು, ತಾರಸಿಯಿಂದಲೇ ವಿಮಾನ ನೋಡಿ.