ಹದಿನಾರರ ಲೆಕ್ಕದ ಚೌಕ

ಭಿವಂಡಿಯ ಹಳೆಯ ಗಲ್ಲಿಗಳಲ್ಲಿ ಮಾತಾಡಬೇಕಾದರೆ ದನಿ ಏರಿಸಬೇಕು. ತಗಡಿನ ಮಾಡಿನಡಿ ಸಾಲಾಗಿ ನಿಂತ ಪವರ್‌ಲೂಮ್‌ಗಳ ಖಟಖಟ ಸದ್ದು ಅಷ್ಟಿದೆ. ಒಂದೊಂದು ಮಗ್ಗದಲ್ಲಿ ಲಾಳಿ ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ ಅತ್ತಿಂದಿತ್ತ ಹಾರುತ್ತದೆ. ಅಂಥ ಮಗ್ಗಗಳು ಈ ಊರಲ್ಲಿ ಲಕ್ಷಗಟ್ಟಲೆ. ಡೊಂಬಿವಲಿ, ಕಲ್ಯಾಣ, ಥಾಣೆಯ ಕನ್ನಡಿಗರಿಗೆ ಭಿವಂಡಿಯೆಂದರೆ ಸಗಟು ಬಟ್ಟೆ, ಗೋದಾಮು ಮತ್ತು ಎಂದೂ ಕರಗದ ಟ್ರಾಫಿಕ್. ಇಷ್ಟೆಲ್ಲ ಯಂತ್ರಗಳಿರುವ ಊರಲ್ಲಿ ಯಂತ್ರಕ್ಕೆ ಇನ್ನೂ ಸರಿಯಾಗಿ ಒಗ್ಗದ ಒಂದು ನೂಲಿನ ಕೆಲಸವೂ ಇದೆ. ಮನೆಯ ಹೆಂಗಸರು ಸೀರಿಯಲ್ ನೋಡುತ್ತಲೋ ಲೋಕಲ್ ಟ್ರೇನಿನಲ್ಲಿ ಕೂತೋ ಮಾಡಿ ಮುಗಿಸುವ ಕ್ರೋಶಾ. ಬಾಗಿಲ ತೋರಣ, ಟೀವಿಯ ಮೇಲಿನ ಹೊದಿಕೆ, ಮಗುವಿನ ಟೊಪ್ಪಿ ಎಲ್ಲ ಅದರಲ್ಲೇ ಆಗುತ್ತವೆ. ಇಲ್ಲಿ ನೋಡಹೊರಟಿರುವುದು ಕಂಬಳಿಗೆ ಜೋಡಿಸುವ ಜಾಲರಿ ಚೌಕವನ್ನು.

ಮಗ್ಗದ ಬಟ್ಟೆಯಲ್ಲಿ ಎರಡು ಗುಂಪಿನ ಎಳೆಗಳಿರುತ್ತವೆ. ಉದ್ದಕ್ಕೆ ಹಾಸು, ಅಡ್ಡಕ್ಕೆ ಹೊಕ್ಕು. ಎರಡೂ ಹೆಚ್ಚುಕಡಿಮೆ ನೇರವಾಗಿಯೇ ಇರುವುದರಿಂದ ಉದ್ದಕ್ಕೆ ಎಳೆದರೂ ಅಡ್ಡಕ್ಕೆ ಎಳೆದರೂ ಬಟ್ಟೆ ಹೆಚ್ಚು ಹಿಗ್ಗುವುದಿಲ್ಲ. ಮೂಲೆಯಿಂದ ಮೂಲೆಗೆ ಓರೆಯಾಗಿ ಎಳೆದರೆ ಮಾತ್ರ ಒಂದಿಷ್ಟು ಬಗ್ಗುತ್ತದೆ. ಕರವಸ್ತ್ರ ಕೈಗೆತ್ತಿಕೊಂಡರೆ ಈಗಲೇ ಪರೀಕ್ಷಿಸಬಹುದು. ಕ್ರೋಶಾದಲ್ಲಿ ಹಾಸೂ ಇಲ್ಲ, ಹೊಕ್ಕೂ ಇಲ್ಲ. ಇರುವುದು ಒಂದೇ ನೂಲು, ಅದೂ ಬರೀ ಕುಣಿಕೆಗಳಾಗಿ. ಒಂದು ಕುಣಿಕೆಯೊಳಗಿಂದ ಇನ್ನೊಂದು, ಅದರೊಳಗಿಂದ ಮತ್ತೊಂದು. ಎಳೆದಾಗ ನೂಲು ಹಿಗ್ಗುವುದಿಲ್ಲ, ಬಾಗಿದ್ದದ್ದು ನೆಟ್ಟಗಾಗುತ್ತದೆ. ಬಿಟ್ಟಾಗ ಮತ್ತೆ ಬಾಗುತ್ತದೆ. ಹಿಗ್ಗದ ನೂಲಿನಿಂದ ಹಿಗ್ಗುವ ಬಟ್ಟೆ ಹುಟ್ಟುವುದು ಹೀಗೆ. ಅಮೆರಿಕದ ಜಾರ್ಜಿಯಾ ಟೆಕ್‌ನಲ್ಲಿ ಭೌತವಿಜ್ಞಾನಿ ಎಲಿಸಬೆಟ್ಟಾ ಮಾಟ್ಸುಮೊಟೊ ಮತ್ತು ಸಂಗಡಿಗರು ಇದರ ಸೋದರನಾದ ಸ್ವೆಟರ್ ಹೆಣಿಗೆಯನ್ನು ವರ್ಷಗಟ್ಟಲೆ ಅಳೆದಿದ್ದಾರೆ. ನೂಲು ಅದೇ ಇದ್ದರೂ ಕುಣಿಕೆ ಹಾಕುವ ಕ್ರಮ ಬದಲಿಸಿದರೆ ಸಾಕು, ಬಟ್ಟೆಯ ಬಿಗುವು ಬದಲಾಗುತ್ತದೆ ಎಂಬುದನ್ನು 2024ರಲ್ಲಿ ಲೆಕ್ಕಸಮೇತ ಪ್ರಕಟಿಸಿದರು.

ಈ ಕುಣಿಕೆಗಳಲ್ಲಿ ಗಂಟೇ ಇಲ್ಲ. ಕೊನೆಯ ಕುಣಿಕೆಯಿಂದ ಕಡ್ಡಿ ತೆಗೆದು ನೂಲನ್ನು ಎಳೆದರೆ ವಾರದ ಕೆಲಸ ಎರಡು ನಿಮಿಷದಲ್ಲಿ ಬಿಚ್ಚಿ ರಾಶಿ ಬೀಳುತ್ತದೆ. ಹಾಗಾದರೆ ಬಟ್ಟೆಯನ್ನು ಹಿಡಿದಿಟ್ಟಿರುವುದು ಏನು? ಘರ್ಷಣೆ. ಬಂದರಿನಲ್ಲಿ ದೋಣಿಯ ಹಗ್ಗವನ್ನು ಗೂಟಕ್ಕೆ ಎರಡು ಸುತ್ತು ಹಾಕಿ ಹುಡುಗನೊಬ್ಬ ತುದಿ ಹಿಡಿದು ನಿಂತಿರುತ್ತಾನಲ್ಲ, ಅದೇ ತತ್ವ. ಆಯ್ಲರ್ ಮತ್ತು ಐಟೆಲ್ವೈನ್ ಹೆಸರಿನ ಸೂತ್ರವೊಂದಿದೆ. ಅದರ ಪ್ರಕಾರ ಹಿಡಿತ ಸುತ್ತಿನಿಂದ ಸುತ್ತಿಗೆ ಕೂಡುತ್ತ ಹೋಗುವುದಿಲ್ಲ, ಗುಣಿಸುತ್ತ ಹೋಗುತ್ತದೆ. ಘರ್ಷಣೆಯ ಗುಣಾಂಕ 0.3 ಎಂದುಕೊಂಡರೆ ಒಂದು ಪೂರ್ತಿ ಸುತ್ತಿಗೆ ಸುಮಾರು 6.6 ಪಟ್ಟು, ಎರಡು ಸುತ್ತಿಗೆ 43 ಪಟ್ಟು. ಎಡಗೈಯ ತೋರುಬೆರಳಿಗೆ ನೂಲನ್ನು ಒಂದು ಸುತ್ತು ಹೆಚ್ಚು ಹಾಕಿಕೊಂಡರೆ ಹೆಣಿಗೆ ಅಷ್ಟು ಬಿಗಿಯಾಗುವುದು ಇದಕ್ಕೇ. ಕೊನೆಯಲ್ಲಿ ಬಾಲದ ನೂಲನ್ನು ಸೂಜಿಯಿಂದ ನಾಲ್ಕಾರು ಕುಣಿಕೆಗಳೊಳಗೆ ಅತ್ತಿತ್ತ ತೂರಿಸಿಬಿಟ್ಟರೆ ಅದು ಬಿಚ್ಚದಿರುವುದೂ ಇದಕ್ಕೇ. ಸ್ವೆಟರ್ ಹೆಣೆಯುವಾಗ ಇಡೀ ಸಾಲಿನ ಕುಣಿಕೆಗಳು ಬಾಯಿ ತೆರೆದು ಕಡ್ಡಿಯ ಮೇಲೆ ಕೂತಿರುತ್ತವೆ. ಕ್ರೋಶಾದಲ್ಲಿ ಒಂದು ಕಂಬ, ಅಂದರೆ ಕಂಬದಂತೆ ಎದ್ದು ನಿಲ್ಲುವ ಒಂದು ಹೆಣಿಗೆ, ಮುಗಿದು ಇನ್ನೊಂದು ಶುರುವಾಗುವ ಮೊದಲು ಯಾವಾಗ ನೋಡಿದರೂ ತೆರೆದಿರುವ ಕುಣಿಕೆ ಒಂದೇ ಒಂದು.

ಯಂತ್ರಕ್ಕೆ ತೊಡಕಾಗಿರುವುದೂ ಈ ಒಂಟಿ ಕುಣಿಕೆಯೇ. ಕಾರ್ಖಾನೆಯ ಹೆಣಿಗೆ ಯಂತ್ರದಲ್ಲಿ ನೂರಾರು ಸೂಜಿಗಳು ಒಟ್ಟೊಟ್ಟಿಗೆ ದುಡಿಯುತ್ತವೆ. ಕ್ರೋಶಾದಲ್ಲಿ ಈ ಕಂಬ ಮುಗಿಯದೆ ಮುಂದಿನದು ಹುಟ್ಟುವ ಹಾಗಿಲ್ಲ. ಜೊತೆಗೆ ಕಡ್ಡಿಯ ತುದಿಯ ಕೊಕ್ಕೆ ಯಾವ ತೂತಿಗೆ ಇಳಿಯಬೇಕು ಎಂಬುದನ್ನು ಬೆರಳು ತಡವಿ ಕಂಡುಕೊಳ್ಳಬೇಕು. ಅದು ಪಕ್ಕದ್ದಿರಬಹುದು, ಎರಡು ಸಾಲು ಕೆಳಗಿನದೂ ಇರಬಹುದು. ಜರ್ಮನಿಯ ಬೀಲೆಫೆಲ್ಡ್‌ನ ಸಂಶೋಧಕರು ಕ್ರೋಮ್ಯಾಟ್ ಎಂಬ ಯಂತ್ರದ ಮಾದರಿ ಕಟ್ಟಿ ಸರಳವಾದ ಚಪ್ಪಟೆ ತುಂಡುಗಳನ್ನು ಹೆಣೆದು ತೋರಿಸಿದ್ದಾರೆ. ಮಾರುಕಟ್ಟೆಯ ಮಾತು ಇನ್ನೂ ದೂರ. ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ ‘ಕ್ರೋಶಾ ಲೇಸ್’ ಹೆಚ್ಚಾಗಿ ಬೇರೆ ಜಾತಿಯ ಹೆಣಿಗೆ ಯಂತ್ರದ ನಕಲು. ನಿಜವಾದ ಕ್ರೋಶಾ ಕುಪ್ಪಸವೋ ಕಂಬಳಿಯೋ ಎಲ್ಲಾದರೂ ತೀರಾ ಅಗ್ಗಕ್ಕೆ ಕಂಡರೆ, ಆ ಬೆಲೆಯಲ್ಲಿ ಯಾರದೋ ಕೈಯ ಕೂಲಿ ಸೇರಿಲ್ಲ ಎಂದೇ ಲೆಕ್ಕ. ಆಂಧ್ರದ ನರಸಾಪುರದಲ್ಲಿ ಮನೆಮನೆಯ ಹೆಂಗಸರು ಹೆಣೆದು ಹೊರದೇಶಕ್ಕೆ ಹೋಗುವ ಲೇಸಿನ ಕೂಲಿಯ ಕಥೆಯನ್ನು ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ 1982ರಷ್ಟು ಹಿಂದೆಯೇ ಪುಸ್ತಕವಾಗಿ ಬರೆದಿದ್ದರು.

ಕೆಲಸವನ್ನು ಹಂಚಲು ಬರುವುದಿಲ್ಲವೆಂದರೆ ಬಟ್ಟೆಯನ್ನೇ ಹಂಚಿಕೊಳ್ಳುವುದು. ಚೌಕದ ಉಪಾಯ ಅದೇ. ಹತ್ತು ಜನ ಹತ್ತು ಕಡೆ ಕೂತು ಚೌಕ ಹೆಣೆದು ಕೊನೆಗೆ ಜೋಡಿಸಬಹುದು. ಒಂದರಲ್ಲಿ ತಪ್ಪಾದರೆ ಅದೊಂದನ್ನೇ ಬಿಚ್ಚಿದರಾಯಿತು. 2016ರಲ್ಲಿ ಚೆನ್ನೈಯಲ್ಲಿ ಮದರ್ ಇಂಡಿಯಾಸ್ ಕ್ರೋಶೆ ಕ್ವೀನ್ಸ್ ಎಂಬ ಬಳಗ ಊರೂರಿನ ಕೈಗಳಿಂದ ಬಂದ ತುಂಡುಗಳನ್ನು ಸೇರಿಸಿ 11,148.5 ಚದರ ಮೀಟರ್ ಕಂಬಳಿ ಹಾಸಿ ಗಿನ್ನೆಸ್ ದಾಖಲೆ ಬರೆಸಿತು.

ಈಗ ಚೌಕ ಹಾಕೋಣ. ಐದಾರು ಸರಪಳಿ ಕುಣಿಕೆ ಹಾಕಿ ತುದಿಗೆ ತುದಿ ಸೇರಿಸಿದರೆ ನಡುವಿನ ಉಂಗುರ. ಅದರೊಳಗೆ ಮೂರು ಕಂಬ, ಎರಡು ಸರಪಳಿ, ಮತ್ತೆ ಮೂರು ಕಂಬ, ಎರಡು ಸರಪಳಿ, ಹೀಗೆ ನಾಲ್ಕು ಸಲ. (ಸುತ್ತಿನ ಮೊದಲ ಕಂಬದ ಬದಲು ಮೂರು ಸರಪಳಿ, ಎತ್ತರ ಸರಿಹೋಗುತ್ತದೆ.) ಎರಡು ಸರಪಳಿ ಇರುವ ಕಡೆಯೇ ಮೂಲೆ. ಎರಡನೆಯ ಸುತ್ತಿನಲ್ಲಿ ಪ್ರತಿ ಮೂಲೆಯ ತೂತಿನೊಳಗೆ ಮೂರು ಕಂಬ, ಎರಡು ಸರಪಳಿ, ಮೂರು ಕಂಬ. ಒಂದು ಮೂಲೆಯಿಂದ ಇನ್ನೊಂದಕ್ಕೆ ಹೋಗುವಾಗ ನಡುವೆ ಒಂದು ಸರಪಳಿ. ಮೂರನೆಯದರಿಂದ ಮುಂದಕ್ಕೆ ಮೂಲೆಗೆ ಮೂಲೆಯದೇ ನಿಯಮ, ಬದಿಯ ತೂತಿಗೆ ಮೂರು ಮೂರು ಕಂಬ, ನಡುನಡುವೆ ಅದೇ ಒಂದು ಸರಪಳಿ. ಇಷ್ಟೇ. ಈ ನಮೂನೆ 1885ರ ಏಪ್ರಿಲ್‌ನಲ್ಲೇ ಅಮೆರಿಕದ ಪ್ರೈರಿ ಫಾರ್ಮರ್ ಎಂಬ ರೈತರ ಪತ್ರಿಕೆಯಲ್ಲಿ ಅಚ್ಚಾಗಿತ್ತು.

ಆದರೆ ಇದು ಚಪ್ಪಟೆಯಾಗಿ ಏಕೆ ಕೂರುತ್ತದೆ? ಹೆಣೆಯುವವರು ‘ಹಾಗೇ ಬರುತ್ತದೆ’ ಎನ್ನುತ್ತಾರೆ. ಹಾಗೇ ಬರುವುದಿಲ್ಲ, ಅಲ್ಲೊಂದು ಲೆಕ್ಕ ಕೂತಿದೆ. ಒಂದು ಕಂಬದ ಎತ್ತರ ಅದರ ಅಗಲದ ಸುಮಾರು ಎರಡರಷ್ಟು. ಹೊಸ ಸುತ್ತು ಹಾಕಿದಾಗ ಚೌಕ ಈ ಕಡೆಗೆ ಒಂದು ಕಂಬದೆತ್ತರ, ಆ ಕಡೆಗೆ ಒಂದು ಕಂಬದೆತ್ತರ ಬೆಳೆಯುತ್ತದೆ. ಅಂದರೆ ಒಂದು ಬದಿಯ ಉದ್ದ ಎರಡು ಎತ್ತರದಷ್ಟು, ನಾಲ್ಕು ಬದಿ ಸೇರಿದರೆ ಎಂಟು ಎತ್ತರದಷ್ಟು ಹೆಚ್ಚಬೇಕು. ಎಂಟು ಎತ್ತರವೆಂದರೆ ಹದಿನಾರು ಅಗಲ. ಈಗ ನಮೂನೆಯನ್ನು ಎಣಿಸಿ. ಸುತ್ತಿನಿಂದ ಸುತ್ತಿಗೆ ಪ್ರತಿ ಬದಿಗೂ ಹೊಸದಾಗಿ ಸೇರುವುದು ಮೂರು ಕಂಬದ ಒಂದು ಗೊಂಚಲು, ಒಂದು ಸರಪಳಿ, ಒಟ್ಟು ನಾಲ್ಕು. ನಾಲ್ಕು ಬದಿಗೆ ಹದಿನಾರು! ತೂತಿಲ್ಲದೆ ಬರೀ ಕಂಬಗಳಿಂದಲೇ ತುಂಬಿದ ಚೌಕ ಹಾಕುವವರೂ ಸುತ್ತಿಗೆ ಹದಿನಾರು ಕಂಬವನ್ನೇ ಹೆಚ್ಚಿಸುತ್ತಾರೆ. ಚೌಕದ ಬದಲು ದುಂಡನೆಯ ಚಾಪೆ ಬೇಕೆಂದರೆ ಪರಿಧಿ ಸುತ್ತಿಗೆ 2π ಎತ್ತರದಷ್ಟು ಬೆಳೆಯಬೇಕು, ಅಂದರೆ 12.6 ಅಗಲ. ಹೆಣೆಯುವವರು ಎಲ್ಲ ಕಡೆ ಬಳಸುವ ಸಂಖ್ಯೆ ಹನ್ನೆರಡು. ಪೈ ಎಂಬುದರ ಹೆಸರೇ ಕೇಳದವರೂ ಬೆರಳ ತುದಿಯಲ್ಲಿ ಅದನ್ನು ಪಳಗಿಸಿದ್ದಾರೆ. ಉಳಿದ ಚಿಕ್ಕಾಸಿನ ವ್ಯತ್ಯಾಸವನ್ನು ಕುಣಿಕೆಗಳ ಹಿಗ್ಗು ನುಂಗಿಕೊಳ್ಳುತ್ತದೆ.

ಲೆಕ್ಕ ತಪ್ಪಿಸಿದರೂ ಲಾಭವೇ. ಸುತ್ತಿಗೆ ಸೇರಿಸಬೇಕಾದಷ್ಟು ಸೇರಿಸದಿದ್ದರೆ ಅಂಚು ಒಳಕ್ಕೆ ಸೆಳೆದು ಬಟ್ಟೆ ಬಟ್ಟಲಾಗುತ್ತದೆ. ಭಿವಂಡಿಯ ಮಸೀದಿ ಬೀದಿಗಳಲ್ಲಿ ಕಾಣುವ ಬಿಳಿ ಜಾಲರಿ ಟೊಪ್ಪಿ ಹುಟ್ಟುವುದು ಹಾಗೆ: ನೆತ್ತಿಯಷ್ಟು ಅಗಲ ಬಂದ ಮೇಲೆ ಹೆಚ್ಚಿಸುವುದನ್ನು ನಿಲ್ಲಿಸಿದರೆ ಗೋಡೆ ತಾನಾಗಿ ಇಳಿಯುತ್ತದೆ. ತದ್ವಿರುದ್ಧವಾಗಿ ಬೇಕಾದ್ದಕ್ಕಿಂತ ಹೆಚ್ಚು ಸೇರಿಸಿದರೆ ಅಂಚಿಗೆ ಜಾಗ ಸಾಲದೆ ನೆರಿಗೆ ಏಳುತ್ತದೆ. ಗಣಿತಜ್ಞರು ಹೈಪರ್ಬಾಲಿಕ್ ಎನ್ನುವ ಮೇಲ್ಮೈ ಅದು. ಒಂದು ಗೆರೆಗೆ ಒಂದೇ ಬಿಂದುವಿನ ಮೂಲಕ ಅನೇಕ ಸಮಾಂತರ ಗೆರೆಗಳಿರುವ ಆ ಲೋಕವನ್ನು ಕೈಯಲ್ಲಿ ಹಿಡಿದು ತೋರಿಸುವುದು ಹೇಗೆಂದು ಗಣಿತದ ಮೇಷ್ಟ್ರುಗಳು ಕಾಗದ ಅಂಟಿಸಿ ಒದ್ದಾಡುತ್ತಿದ್ದರು. 1997ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದ ಲಾಟ್ವಿಯಾ ಮೂಲದ ದೈನಾ ತೈಮಿನಾ ಕ್ರೋಶಾ ಕಡ್ಡಿ ಹಿಡಿದು ಅದನ್ನು ಹೆಣೆದೇಬಿಟ್ಟರು. ಮಾಡಿದ್ದು ಇಷ್ಟೇ, ಪ್ರತಿ ಸಾಲಿನಲ್ಲೂ ಒಂದೇ ಪ್ರಮಾಣದಲ್ಲಿ ಹೆಚ್ಚಿಸುತ್ತ ಹೋದದ್ದು.

ಕೈಗೆ ಬೀಳುವ ದುಡಿಮೆಯನ್ನೂ ಎಣಿಸಬಹುದು. ಸುತ್ತಿಗೆ ನಾಲ್ಕು ಗೊಂಚಲು ಹೆಚ್ಚುವುದರಿಂದ ಐದು ಸುತ್ತಿನ ಚೌಕಕ್ಕೆ 60 ಗೊಂಚಲು, ಅಂದರೆ 180 ಕಂಬ. ಹತ್ತು ಸುತ್ತಿಗೆ ಅದರ ಎರಡರಷ್ಟಲ್ಲ, 660. ದಪ್ಪ ಉಲ್ಲನ್‌ನಲ್ಲಿ ಐದು ಸುತ್ತಿಗೆ ಹನ್ನೆರಡು ಸೆಂಟಿಮೀಟರ್ ಬಂತೆನ್ನಿ. 120ಕ್ಕೆ 180 ಸೆಂಟಿಮೀಟರಿನ ಕಂಬಳಿಗೆ 150 ಚೌಕ ಬೇಕು, 27,000 ಕಂಬ. ಒಂದು ಕಂಬಕ್ಕೆ ಕೊಕ್ಕೆ ನಾಲ್ಕು ಸಲ ನೂಲು ಹಿಡಿಯಬೇಕು. ಒಂದು ಲಕ್ಷ ಎಂಟು ಸಾವಿರ ಸಲ, ಜೋಡಿಸುವ ಕೆಲಸ ಬೇರೆ. ಚೌಕಾಸಿ ಮಾಡುವ ಮುನ್ನ ಈ ಅಂಕಿ ನೆನಪಿರಲಿ.

ಇಷ್ಟು ತೂತಿನ ಕಂಬಳಿ ಬೆಚ್ಚಗಿಟ್ಟೀತೇ? ಬೆಚ್ಚಗಿಡುವುದು ನೂಲಲ್ಲ, ಅದರ ನಡುವೆ ಅಲುಗದೆ ನಿಂತ ಗಾಳಿ. ನಿಂತ ಗಾಳಿ ನೂಲಿನ ನಾರಿಗಿಂತ ಹಲವು ಪಟ್ಟು ಕಡಿಮೆ ಶಾಖ ಸಾಗಿಸುತ್ತದೆ. ಫ್ಯಾನಿನ ಕೆಳಗೆ ಜಾಲರಿ ಕಂಬಳಿಯೊಂದನ್ನೇ ಹೊದ್ದರೆ ಆ ಗಾಳಿ ನಿಲ್ಲುವುದಿಲ್ಲ, ಚಳಿಯಾಗುತ್ತದೆ. ಮೇಲೊಂದು ತೆಳ್ಳನೆಯ ಚಾದರ ಹಾಸಿದರೆ ಪ್ರತಿ ತೂತೂ ಗಾಳಿಯ ಪುಟ್ಟ ಕೋಣೆಯಾಗುತ್ತದೆ. ಕೊಂಕಣ ಕರಾವಳಿಯ ಚಳಿಗೆ ಅಷ್ಟು ಸಾಕು.

ಇನ್ನು ನೂಲು. ಹತ್ತಿ ಗಾಳಿಯ ತೇವವನ್ನು ತನ್ನ ತೂಕದ ನೂರಕ್ಕೆ ಏಳೆಂಟರಷ್ಟು ಹೀರಿಕೊಳ್ಳುತ್ತದೆ, ಅಕ್ರಿಲಿಕ್ ಒಂದೆರಡರಷ್ಟು. ಒದ್ದೆಯಾದಷ್ಟೂ ಹತ್ತಿನೂಲು ಗಟ್ಟಿ. ಕಡಲ ಹವೆಯಿರುವ ಮುಂಬಯಿ ಸೀಮೆ ನೇಯ್ಗೆಗೆ ಒಗ್ಗಿದ್ದಕ್ಕೆ ಅದೂ ಒಂದು ಕಾರಣ. ಭಿವಂಡಿಯ ಸೈಜಿಂಗ್ ಘಟಕಗಳಲ್ಲಿ ಹಾಸಿನ ನೂಲನ್ನು ಗಂಜಿಯಲ್ಲಿ ಅದ್ದಿ, ಬಿಸಿ ಉರುಳೆಗಳ ಮೇಲೆ ಒಣಗಿಸಿ ಬೀಮಿಗೆ ಸುತ್ತುತ್ತಾರೆ. ಮಗ್ಗದ ಉಜ್ಜಾಟಕ್ಕೆ ನೂಲು ಹರಿಯಬಾರದೆಂದು. ಮನೆಯಲ್ಲಿ ತೋರಣಕ್ಕೆ ಸಬ್ಬಕ್ಕಿ ಗಂಜಿ ಹಾಕುವುದು ಅದು ಜೋಲದೆ ನಿಲ್ಲಲೆಂದು. ಪಿಷ್ಟ ಅದೇ, ಕೆಲಸ ಬೇರೆ.

ಹತ್ತಿಯ ಚೌಕ ಸೊಟ್ಟಗಾಗಿದ್ದರೆ ನೀರಲ್ಲಿ ಅದ್ದಿ ಹಿಂಡಿ, ಹಾಸಿಗೆಯ ಮೇಲೆ ಟವೆಲ್ ಹರಡಿ, ನಾಲ್ಕು ಮೂಲೆಗೂ ತುಕ್ಕು ಹಿಡಿಯದ ಗುಂಡುಸೂಜಿ ಚುಚ್ಚಿ ಒಣಗಲು ಬಿಡಬೇಕು. ನೀರು ಹತ್ತಿಯ ಸೆಲ್ಯುಲೋಸ್ ಸರಪಣಿಗಳ ನಡುವಿನ ಹೈಡ್ರೋಜನ್ ಬಂಧಗಳನ್ನು ಸಡಿಲಿಸುತ್ತದೆ. ಒಣಗುವಾಗ ಅವು ಹೊಸ ಆಕಾರದಲ್ಲೇ ಮತ್ತೆ ಕೂಡಿಕೊಳ್ಳುತ್ತವೆ. ಅಕ್ರಿಲಿಕ್ ಉಲ್ಲನ್ ನೀರಿಗೆ ಜಗ್ಗುವುದಿಲ್ಲ, ಬಿಸಿಗೆ ಜಗ್ಗುತ್ತದೆ. ಹಬೆಯನ್ನು ದೂರದಿಂದ ತೋರಿಸಿದರೆ ಸಾಕು. ಇಸ್ತ್ರಿಪೆಟ್ಟಿಗೆಯನ್ನೇ ಒತ್ತಿದರೆ ನೂಲಿನ ಪುಟಿತ ಹೋಗಿ ಚೌಕ ಬಟ್ಟೆಚೂರಿನಂತೆ ಜೋಲುಬೀಳುತ್ತದೆ, ಆಮೇಲೆ ಎಷ್ಟು ತೊಳೆದರೂ ಮೊದಲಿನಂತಾಗುವುದಿಲ್ಲ. ಗಂಜಿ ಹಾಕುವ ಕೆಲಸವನ್ನಂತೂ ಮಳೆ ನಿಂತ ಮೇಲೆ, ನವರಾತ್ರಿ ಕಳೆದು ಬಿಸಿಲು ಗಟ್ಟಿಯಾದಾಗ ಇಟ್ಟುಕೊಳ್ಳುವುದು ಒಳ್ಳೆಯದು. ಆಷಾಢದಲ್ಲಿ ಹಾಕಿದರೆ ಮೊದಲು ಬರುವುದು ಬೂಸ್ಟು.