ಕಂಠವೇ ಬಂಡವಾಳ

ಯುರೋಪಿನ ದೊಡ್ಡ ನಗರಗಳಲ್ಲಿ ‘ಒಪೆರಾ’ ಎಂಬ ಸಂಗೀತ ನಾಟಕಕ್ಕೆಂದೇ ಕಟ್ಟಿದ ಭವ್ಯ ಮಂದಿರಗಳುಂಟು. ಅಲ್ಲಿ ಪಾತ್ರಧಾರಿಯು ಮಾತನಾಡುವುದು ಕಡಿಮೆ. ಪ್ರೇಮ, ಕೋಪ, ಮರಣ ಎಲ್ಲವೂ ಹಾಡಿನಲ್ಲಿಯೇ. ಕಂಠದ ಏರಿಳಿತವನ್ನು ನೋಡಿ ಇವನು ನಾಯಕ, ಇವನು ಖಳ ಎಂದು ಪಾತ್ರ ಹಂಚುತ್ತಾರೆ. ತರುಣ ಗಾಯಕನು ಮೊದಲು ಸಣ್ಣ ಊರಿನ ಮಂಡಳಿಯಲ್ಲಿ ಪಳಗಿ, ಅಲ್ಲಿಂದ ದೊಡ್ಡ ಊರಿಗೆ ಕರೆ ಬರುವುದನ್ನು ಕಾಯುತ್ತಾನೆ. ಈ ವಿಷಯವನ್ನು ಓದುವಾಗಲೆಲ್ಲ ನನಗೆ ವಿಯೆನ್ನಾ, ಮಿಲಾನುಗಳ ನೆನಪಾಗುವುದಿಲ್ಲ, ಸವದತ್ತಿಯ ನೆನಪಾಗುತ್ತದೆ. ವಾಚಕರು ನಗಬಾರದು. ಕಾರಣವಿದೆ.

ಸವದತ್ತಿಯ ಸಮೀಪದಲ್ಲಿ ಗುರ್ಲಹೊಸೂರು ಎಂಬ ಗ್ರಾಮ. ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಲಕ್ಷಾವಧಿ ಜನರಲ್ಲಿ ಈ ಊರಿನ ಹೆಸರನ್ನು ಕೇಳಿದವರು ವಿರಳ. 1843ರ ಮಾರ್ಚ್ 31ರಂದು ಇಲ್ಲಿ ಬಳವಂತ ಪಾಂಡುರಂಗ ಕಿರ್ಲೋಸ್ಕರ ಎಂಬ ಬಾಲಕನು ಜನಿಸಿದನು. ಮುಂದೆ ಅಣ್ಣಾಸಾಹೇಬ ಕಿರ್ಲೋಸ್ಕರರೆಂದು ಖ್ಯಾತರಾಗಿ, ಮರಾಠಿ ಸಂಗೀತ ನಾಟಕದ ಜನಕರೆನಿಸಿಕೊಂಡವರು ಇವರೇ. (ನೇಗಿಲು ಮತ್ತು ಯಂತ್ರಗಳ ಕಾರಖಾನೆಯಿಂದ ದೇಶಕ್ಕೆಲ್ಲ ಪರಿಚಿತರಾದ ಲಕ್ಷ್ಮಣರಾವ ಕಿರ್ಲೋಸ್ಕರರೂ 1869ರಲ್ಲಿ ಇದೇ ಊರಿನಲ್ಲಿ ಹುಟ್ಟಿದರು. ಒಂದು ಸಣ್ಣ ಊರು ನೇಗಿಲನ್ನೂ ನಾಟಕವನ್ನೂ ಕೊಟ್ಟಿತೆಂದರೆ ಸಾಮಾನ್ಯವೇ?) ಮನೆಯ ಭಾಷೆ ಮರಾಠಿ, ಬೀದಿಯ ಭಾಷೆ ಕನ್ನಡ; ಅಣ್ಣಾಸಾಹೇಬರ ಕಿವಿ ಬೆಳೆದದ್ದು ಇವೆರಡರ ನಡುವೆ. ಬೆಳಗಾವಿಯಲ್ಲಿ ಶಿಕ್ಷಕರಾಗಿ, ಪುಣೆಯಲ್ಲಿ ಸರಕಾರಿ ನೌಕರರಾಗಿ ದುಡಿದ ಅವರು 1880ರ ಅಕ್ಟೋಬರ್ 31ರಂದು ಪುಣೆಯಲ್ಲಿ ‘ಸಂಗೀತ ಶಾಕುಂತಲ’ವನ್ನು ಆಡಿಸಿದರು. ಅಲ್ಲಿಯವರೆಗೆ ಸೂತ್ರಧಾರನೊಬ್ಬನೇ ಹಾಡುತ್ತಿದ್ದ ರಂಗದ ಮೇಲೆ ದುಷ್ಯಂತನೂ ಹಾಡಿದನು, ಶಕುಂತಲೆಯೂ ಹಾಡಿದಳು. 1882ರಲ್ಲಿ ‘ಸೌಭದ್ರ’ ಬಂದಿತು. 1885ರ ನವೆಂಬರಿನಲ್ಲಿ, ತಮ್ಮ ಮೂರನೆಯ ಸಂಗೀತ ನಾಟಕವನ್ನು ಅಪೂರ್ಣವಾಗಿ ಬಿಟ್ಟು, ಅಣ್ಣಾಸಾಹೇಬರು ಗುರ್ಲಹೊಸೂರಿನಲ್ಲಿಯೇ ಕಣ್ಣು ಮುಚ್ಚಿದರು. ಆಗ ಅವರಿಗೆ ನಲವತ್ತೆರಡು ವರ್ಷ.

ಈ ರಂಗಕ್ಕೆ ಕನ್ನಡದ ಋಣವೆಷ್ಟು ಎಂಬುದನ್ನು ನಾವು ಮರೆತಂತೆ ತೋರುತ್ತದೆ. ಉತ್ತರ ಕನ್ನಡದ ಕರ್ಕಿಯ ಭಾಗವತರ ಮೇಳವು ಸಾಂಗಲಿಯಲ್ಲಿ ಆಟವಾಡಿದ್ದನ್ನು ನೋಡಿ ಮೆಚ್ಚಿದ ಅಲ್ಲಿಯ ಸಂಸ್ಥಾನಿಕರು ವಿಷ್ಣುದಾಸ ಭಾವೆಯವರಿಂದ ‘ಸೀತಾ ಸ್ವಯಂವರ’ ಆಡಿಸಿದ್ದು 1843ರಲ್ಲಿ, ಅಂದರೆ ಅಣ್ಣಾಸಾಹೇಬರು ಹುಟ್ಟಿದ ವರ್ಷದಲ್ಲಿಯೇ. ಚುರಮುರಿ ಶೇಷಗಿರಿರಾಯರ ಕನ್ನಡ ‘ಶಾಕುಂತಲ’ವು 1869ರಲ್ಲಿ ಹೊರಬಂದಿತ್ತು, ಪುಣೆಯ ಶಾಕುಂತಲಕ್ಕಿಂತ ಹನ್ನೊಂದು ವರ್ಷ ಮೊದಲು. ಕಿರ್ಲೋಸ್ಕರರ ಪದಗಳಲ್ಲಿ ಕನ್ನಡದ ಮಟ್ಟುಗಳು ಸೇರಿಕೊಂಡಿರುವುದನ್ನು ಮರಾಠಿ ಬಲ್ಲವರೂ ಒಪ್ಪುತ್ತಾರೆ. ಹಾಗೆಂದು ‘ಅದೆಲ್ಲ ನಮ್ಮದೇ’ ಎಂದು ಎದೆ ತಟ್ಟಿಕೊಳ್ಳುವುದು ನನಗೆ ಸೇರದು. ಕೊಟ್ಟದ್ದಕ್ಕಿಂತ ಮರಳಿ ಪಡೆದುದೇನೂ ಕಡಿಮೆಯಲ್ಲ. ಮರಾಠಿ ಕಂಪನಿಗಳು ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳಲ್ಲಿ ಬೀಡುಬಿಟ್ಟು ಹಾಡಿದ್ದರಿಂದಲೇ ನಮ್ಮವರಿಗೆ ಛಲ ಹುಟ್ಟಿತು. ಗದುಗಿನ ಶಾಂತಕವಿಗಳು ನಾಟಕ ಬರೆದದ್ದು, ಮಂಡಳಿ ಕಟ್ಟಿದ್ದು ಈ ಛಲದಿಂದಲೇ. ಅವರ ಹಿಂದೆ ಗರುಡ ಸದಾಶಿವರಾಯರು, ಮಾಸ್ತರ ವಾಮನರಾಯರು, ಕೊಣ್ಣೂರಿನವರು ಹೀಗೆ ಕಂಪನಿಗಳ ಸಾಲೇ ಎದ್ದಿತು.

ಕಂಪನಿಗಳೇನೋ ಎದ್ದವು, ಹಾಡುವ ಕಂಠಗಳೆಲ್ಲಿಂದ ಬಂದವು? ನನ್ನ ಉತ್ತರವಿಷ್ಟು: ಹಳ್ಳಿಯ ಬಯಲಿನಿಂದ. ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಕಡೆ ಸುಗ್ಗಿ ಮುಗಿದ ಮೇಲೆ ಸಣ್ಣಾಟದ ಗೀಳು ಇಂದಿಗೂ ಪೂರ್ತಿ ಇಳಿದಿಲ್ಲ. ‘ಸಂಗ್ಯಾ ಬಾಳ್ಯಾ’ ಬೈಲಹೊಂಗಲದಲ್ಲಿಯೇ ನಡೆದ ಸಂಗತಿಯೆಂದು ಅಲ್ಲಿಯ ಜನ ಈಗಲೂ ಮನೆಯ ಮಾತಿನಂತೆ ಹೇಳುತ್ತಾರೆ. ಪಕ್ಕದ ಗೋಕಾಕ ಸೀಮೆಯ ಕುಲಗೋಡದ ತಮ್ಮಣ್ಣನ ‘ಶ್ರೀಕೃಷ್ಣ ಪಾರಿಜಾತ’ವಂತೂ ಸರಿಯೇ ಸರಿ, ಕೌಜಲಗಿಯ ನಿಂಗಮ್ಮನ ಪಾರಿಜಾತವೆಂದರೆ ಗಾಡಿ ಕಟ್ಟಿಕೊಂಡು ಹೋಗುವ ಕಾಲವಿತ್ತು. ಈ ಆಟಗಳಲ್ಲಿ ಧ್ವನಿವರ್ಧಕವಿರಲಿಲ್ಲ. ರಾತ್ರಿಯೆಲ್ಲ ಬಯಲಿನಲ್ಲಿ ನಿಂತು, ಕಟ್ಟಕಡೆಯ ಸಾಲಿನಲ್ಲಿ ಕಂಬಳಿ ಹೊದ್ದು ಕುಳಿತವನಿಗೆ ಮುಟ್ಟುವಂತೆ ಹಾಡಬೇಕು. ತಾರಕಕ್ಕೆ ಏರಬೇಕು, ಬೆಳಗಾದರೂ ಗಂಟಲು ಒಡೆಯಬಾರದು. ಹತ್ತು ವರ್ಷದ ಹುಡುಗನಿಗೆ ಇದಕ್ಕಿಂತ ಕಠಿಣವಾದ ಸಂಗೀತ ಶಾಲೆ ಯಾವುದಿದ್ದೀತು?

ಕಂಪನಿಯ ಮಾಲಕರ ಕಣ್ಣು ಇಂಥ ಹುಡುಗರ ಮೇಲೆಯೇ. ರೂಪ ಕಡಿಮೆಯಾದರೆ ಬಣ್ಣ ಹಚ್ಚಬಹುದು, ಮಾತು ಬಾರದಿದ್ದರೆ ಬಾಯಿಪಾಠ ಮಾಡಿಸಬಹುದು. ಕಂಠವನ್ನು ಮಾತ್ರ ಪೇಟೆಯಿಂದ ತರಲಾಗದು. ಹುಡುಗ ಬಂದೊಡನೆ ಪೇಟಿ ಮಾಸ್ತರರು ಅವನ ಸ್ವರವನ್ನು ಪೇಟಿಯ ಮೇಲೆ ಹಿಡಿದು ನೋಡುವರು. ಕರಿ ನಾಲ್ಕರಲ್ಲಿ ನಿರಾಯಾಸವಾಗಿ ನಿಂತರೆ ಅವನಿಗೆ ಪ್ರಹ್ಲಾದ, ಧ್ರುವ, ಲೋಹಿತಾಶ್ವರ ಪಾರ್ಟುಗಳು ಖಂಡಿತ. ಊಟ, ವಸತಿ, ಒಂದಿಷ್ಟು ಪಗಾರ. ರಾತ್ರಿ ‘ಒನ್ಸ್ ಮೋರ್’ ಎಂದು ಜನ ಕೂಗಿದರೆ ಅದೇ ಪದವನ್ನು ಎರಡು ಸಲ, ಮೂರು ಸಲ ಹಾಡಬೇಕು. ಪ್ರಹ್ಲಾದನು ಕಂಬದ ಮುಂದೆ ನಿಂತು ಮೂರನೆಯ ಸಲ ಅದೇ ಪದ ಎತ್ತಿಕೊಂಡಾಗ ಹಿರಣ್ಯಕಶಿಪು ಗದೆ ಹಿಡಿದು ಸುಮ್ಮನೆ ಕಾಯುತ್ತ ನಿಲ್ಲುವುದು ಈಗಿನವರಿಗೆ ಹಾಸ್ಯವೆನಿಸಬಹುದು. ಅಂದಿನವರು ಟಿಕೀಟು ತೆಗೆದದ್ದೇ ಅದಕ್ಕಾಗಿ.

ಆದರೆ ಹದಿನಾಲ್ಕು-ಹದಿನೈದರ ವಯಸ್ಸು ಯಾರನ್ನೂ ಬಿಡದು. ಒಂದು ದಿನ ಬೆಳಗಾಗುವಷ್ಟರಲ್ಲಿ ಪ್ರಹ್ಲಾದನ ಗಂಟಲು ಒಡೆದಿರುತ್ತದೆ. ಆಗ ಆ ಹುಡುಗನ ಮುಂದೆ ಇರುವ ದಾರಿಗಳು ಕೆಲವೇ. ಸ್ವರ ಎತ್ತರದಲ್ಲಿಯೇ ನೆಲೆನಿಂತರೆ ಸ್ತ್ರೀ ಪಾರ್ಟು. ಗಡಸಾಗಿ ನಿಂತರೆ ರಾಜಪಾರ್ಟು. ನಿಲ್ಲದೇ ಹೋದರೆ ಪರದೆ ಎಳೆಯುವುದು, ಹ್ಯಾಂಡ್‌ಬಿಲ್ಲು ಹಂಚುವುದು, ಇಲ್ಲವೆ ಊರಿಗೆ ಮರಳಿ ಎತ್ತಿನ ಬಾಲ ಹಿಡಿಯುವುದು. ಸ್ತ್ರೀ ಪಾರ್ಟಿನವರ ಆಯುಷ್ಯವೂ ದೀರ್ಘವಲ್ಲ. ಮೈ ತುಂಬಿಕೊಂಡೊಡನೆ ಶಕುಂತಲೆಯು ದುಷ್ಯಂತನಾಗಬೇಕಾಗುತ್ತದೆ. ಕಿರ್ಲೋಸ್ಕರ ಮಂಡಳಿಯ ಭಾವೂರಾವ ಕೊಲ್ಹಟಕರರಂಥ ಕಂಠಶ್ರೀಮಂತರೇ ಸುಭದ್ರೆಯ ಸೀರೆ ಬಿಟ್ಟು ಪುರುಷ ಪಾತ್ರಗಳಿಗೆ ಇಳಿಯಬೇಕಾಯಿತು. 1901ರಲ್ಲಿ, ನಲವತ್ತು ತುಂಬುವ ಮೊದಲೇ, ಅವರು ತೀರಿಕೊಂಡರು. ಮುಂದೆ ಹೆಂಗಸರೇ ರಂಗಕ್ಕೆ ಬಂದ ಮೇಲಂತೂ ಸ್ತ್ರೀ ಪಾರ್ಟಿನ ಗಂಡಸರ ಅನ್ನಕ್ಕೇ ಸಂಚಕಾರ ಬಂದಿತು.

ಇಂಥ ಕವಲುದಾರಿಯಲ್ಲಿ ನಿಂತ ಇಬ್ಬರು ಮೂವರ ಕಥೆಯನ್ನು ಇಲ್ಲಿ ಹೇಳಬೇಕು.

ಕುಂದಗೋಳದ ರಾಮಭಾವು ಅಬ್ದುಲ್ ಕರೀಂ ಖಾನರ ಶಿಷ್ಯರು. ಗುರುಗಳಿಗೆ ಶಿಷ್ಯನು ನಾಟಕಕ್ಕೆ ಹೋಗುವುದು ಸೇರಲಿಲ್ಲ. ಆದರೂ ಹೋದರು, ‘ನಾಟ್ಯಕಲಾ ಪ್ರವರ್ತಕ ಸಂಗೀತ ಮಂಡಳಿ’ಯಲ್ಲಿ ಸ್ತ್ರೀ ಪಾತ್ರ ವಹಿಸಿ ಮಹಾರಾಷ್ಟ್ರವನ್ನೆಲ್ಲ ಮರುಳುಗೊಳಿಸಿದರು. ಬಾಲಗಂಧರ್ವರು ರಂಗವನ್ನಾಳುತ್ತಿದ್ದ ಆ ಕಾಲದಲ್ಲಿ ಇವರಿಗೆ ದೊರೆತ ಬಿರುದು ‘ಸವಾಯಿ ಗಂಧರ್ವ’. ಸವಾಯಿ ಎಂದರೆ ಒಂದೂಕಾಲು! ಆದರೆ ಇಂದು ಅವರ ಹೆಸರು ಉಳಿದಿರುವುದು ಆ ಸೀರೆ-ಕುಪ್ಪಸಗಳಿಂದಲ್ಲ. ರಂಗವನ್ನು ಬಿಟ್ಟು ಬಂದು ಗಂಗೂಬಾಯಿ ಹಾನಗಲ್ಲ, ಭೀಮಸೇನ ಜೋಶಿಯವರಿಗೆ ಪಾಠ ಹೇಳಿದ್ದರಿಂದ.

ಇನ್ನೊಬ್ಬರು ಧಾರವಾಡದ ಹತ್ತಿರದ ಮನ್ಸೂರಿನ ಮಲ್ಲಿಕಾರ್ಜುನ. 1910ರ ಕಟ್ಟಕಡೆಯ ದಿನ ಹುಟ್ಟಿದ ಈ ಬಾಲಕನು ಅಣ್ಣ ಬಸವರಾಜನ ಬೆನ್ನು ಹತ್ತಿ ವಾಮನರಾವ ಮಾಸ್ತರರ ಕಂಪನಿಯನ್ನು ಸೇರಿದನು. ಬಾಲನಟನಾಗಿ ಹಾಡುತ್ತಿದ್ದಾಗ ಮಿರಜಿನ ನೀಲಕಂಠಬುವಾ ಅವರ ಕಿವಿಗೆ ಆ ಧ್ವನಿ ಬಿದ್ದಿತು. ಇವನನ್ನು ನನಗೆ ಕೊಡಿರೆಂದರು; ಅಣ್ಣ ಒಪ್ಪಿದನು. ಕಂಪನಿಗೆ ಒಬ್ಬ ಹುಡುಗ ಕಡಿಮೆಯಾದನು. ಹಿಂದುಸ್ತಾನಿ ಸಂಗೀತಕ್ಕೆ ಮಲ್ಲಿಕಾರ್ಜುನ ಮನ್ಸೂರರು ದೊರೆತರು. ಮುಂದೆ ಮಂಜೀಖಾನ, ಬುರ್ಜೀಖಾನರ ತಾಲೀಮು, ಜಯಪುರ-ಅತ್ರೌಲಿ ಘರಾಣೆಯ ಕೀರ್ತಿ, 1992ರಲ್ಲಿ ಪದ್ಮವಿಭೂಷಣ. ಇದೆಲ್ಲ ಎಲ್ಲರೂ ಬಲ್ಲದ್ದು. ನಾನು ಯೋಚಿಸುವುದು ಬೇರೆ: ಅಂದು ಬುವಾ ಅವರು ಆ ಥೇಟರಿಗೆ ಬರದೇ ಹೋಗಿದ್ದರೆ? ಅದೇ ಕಂಪನಿಗಳಲ್ಲಿ ಅಂಥವೇ ಇನ್ನೆಷ್ಟು ಕಂಠಗಳಿದ್ದವೋ, ಯಾವ ಬುವಾ ಅವರೂ ಕೇಳದೇ ಹೋದವು!

ರಾಮದುರ್ಗದಿಂದ ಈಶಾನ್ಯಕ್ಕೆ, ಲೋಕಾಪುರದ ಆಚೆ, ಬೀಳಗಿ ಇದೆ. ಆ ಊರಿನ ಅಕ್ಕತಂಗಿಯರು ಗೋಹರಬಾಯಿ ಮತ್ತು ಅಮೀರಬಾಯಿ ಕರ್ನಾಟಕಿ. ಗೋಹರಬಾಯಿ ಬಾಲಗಂಧರ್ವರ ಕಂಪನಿಯನ್ನು ಸೇರಿ, ಅವರೊಡನೆ ರಂಗದಲ್ಲಿಯೂ ಬಾಳಿನಲ್ಲಿಯೂ ಜೊತೆಯಾದರು. ಅಮೀರಬಾಯಿ ಹಿಂದಿ ಚಿತ್ರಗಳಿಗೆ ಹಾಡಿ 1943ರ ‘ಕಿಸ್ಮತ್’ ಚಿತ್ರದಿಂದ ಮನೆಮಾತಾದರು. ಇಬ್ಬರೂ ಮುಂಬಯಿಗೆ ಹೋದರು, ‘ಕರ್ನಾಟಕಿ’ ಎಂಬ ಅಡ್ಡಹೆಸರೊಂದನ್ನು ಮಾತ್ರ ಜೊತೆಗೊಯ್ದರು.

ಹೀಗೆ ಹೋದವರೇ ಹೆಚ್ಚು. ಹೋಗದೆ ಉಳಿದವರೊಬ್ಬರ ಸಲುವಾಗಿಯೇ ನಾನು ಈ ಲೇಖನಕ್ಕೆ ಕೈಹಾಕಿದ್ದು.

ಗುರ್ಲಹೊಸೂರಿನಂತೆ ಏಣಗಿಯೂ ಸವದತ್ತಿ ಸೀಮೆಯ ಹಳ್ಳಿ. ಅಣ್ಣಾಸಾಹೇಬರು ತೀರಿಕೊಂಡು ಮೂರು ದಶಕಗಳಾಗುವ ಹೊತ್ತಿಗೆ, 1914ರಲ್ಲಿ, ಅಲ್ಲಿ ಬಾಳಪ್ಪನವರು ಹುಟ್ಟಿದರು. ಬಯಲಿನ ಆಟದಲ್ಲಿ ಹಾಡುತ್ತ ಬೆಳೆದ ಹುಡುಗ, ಕಂಪನಿಗೆ ಸೇರಿ ಸ್ತ್ರೀ ಪಾರ್ಟು ಮಾಡಿದ ತರುಣ, ಆಮೇಲೆ ನಾಯಕ ನಟ, ಕೊನೆಗೆ ‘ಕಲಾವೈಭವ ನಾಟ್ಯ ಸಂಘ’ದ ಮಾಲಕ: ನಾನು ಮೇಲೆ ಹೇಳಿದ ಎಲ್ಲ ಮೆಟ್ಟಿಲುಗಳನ್ನೂ ಒಬ್ಬರೇ ಹತ್ತಿದವರು. ಗಂಟಲು ಒಡೆಯುವ ಗಂಡಾಂತರವನ್ನು ದಾಟಿದರು, ಸ್ತ್ರೀಯರು ರಂಗಕ್ಕೆ ಬಂದ ಗಂಡಾಂತರವನ್ನೂ ದಾಟಿದರು. ಅವರ ಪತ್ನಿ ಲಕ್ಷ್ಮೀಬಾಯಿಯವರು ಸ್ವತಃ ಹೆಸರಾಂತ ಗಾಯಕನಟಿ.

‘ಜಗಜ್ಯೋತಿ ಬಸವೇಶ್ವರ’ ನಾಟಕದಲ್ಲಿ ಬಾಳಪ್ಪನವರು ಬಸವಣ್ಣನಾಗಿ ನಿಂತು ವಚನಗಳನ್ನು ಹಾಡುತ್ತಿದ್ದರು. ಕನ್ನಡ ಎಂ.ಎ. ತರಗತಿಯಲ್ಲಿ ವಚನವೆಂದರೆ ಗದ್ಯವೋ ಪದ್ಯವೋ ಎಂದು ನಾವು ಗಂಟೆಗಟ್ಟಲೆ ವಾದಿಸಿದ್ದುಂಟು. ನಮ್ಮ ಅಜ್ಜಿಗೆ ಈ ಸಂಶಯವೇ ಇಲ್ಲ. ಆಕೆ ಬೈಲಹೊಂಗಲದವಳು, ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಆಕೆಗೆ ಬರುವ ವಚನಗಳೆಲ್ಲ ಆ ನಾಟಕದಲ್ಲಿ ಕೇಳಿ ಕಲಿತವು. ಹಾಡದೆ ಹೇಳು ಎಂದರೆ ತಡವರಿಸುತ್ತಾಳೆ. “ಅಜ್ಜಿ, ನಾಟಕ ಹೇಗಿತ್ತು?” ಎಂದು ಒಮ್ಮೆ ಕೇಳಿದೆ. “ನಾಟಕಾ ನೋಡಾಕ ಯಾರ ಹೋಗಿದ್ರೋ ತಮ್ಮಾ? ಬಸವಣ್ಣನ್ನ ನೋಡಾಕ ಹೋಗಿದ್ವಿ” ಎಂದಳು. ಪರದೆ ಸರಿದೊಡನೆ ಮುಂದಿನ ಸಾಲಿನ ಹೆಂಗಸರು ಕೈ ಮುಗಿದರಂತೆ. ಒಳ್ಳೆಯ ಒಪೆರಾ ಗಾಯಕನಿಗೆ ಚಪ್ಪಾಳೆ ದೊರೆಯುತ್ತದೆ, ಹೂವು ದೊರೆಯುತ್ತದೆ. ನಮಸ್ಕಾರ ದೊರೆತದ್ದನ್ನು ನಾನು ಓದಿಲ್ಲ.

ಹಾಗೆಂದು ಕಂಪನಿಯ ಬದುಕು ಹೂವಿನ ಹಾಸಿಗೆಯಾಗಿರಲಿಲ್ಲ. ಒಂದು ಊರಿನಲ್ಲಿ ಬಂದ ಗಳಿಕೆ ಮುಂದಿನ ಊರಿಗೆ ಸೀನರಿ ಸಾಗಿಸುವುದಕ್ಕೇ ಸರಿ. ಮಳೆ ಹಿಡಿದು ನಾಟಕ ನಿಂತರೂ ಐವತ್ತು ಜನರ ಒಲೆ ಉರಿಯಲೇಬೇಕು. ಎಲ್ಲಮ್ಮನ ಬನದ ಹುಣ್ಣಿಮೆ, ಗೊಡಚಿಯ ವೀರಭದ್ರನ ಜಾತ್ರೆ, ಬದಾಮಿಯ ಬನಶಂಕರಿ ಇವೇ ಅವರ ಪಂಚಾಂಗ. ಅದರ ಮೇಲೆ ಸಿನೇಮಾ ಬಂದಿತು. ಕಿತ್ತೂರಿನ ರಾಣಿಯ ಉದಾಹರಣೆಯನ್ನೇ ನೋಡಿರಿ. ಚೆನ್ನಮ್ಮನ ಕಥೆಯನ್ನು ನಮ್ಮ ಭಾಗದ ಹಳ್ಳಿಗಳಿಗೆ ಮುಟ್ಟಿಸಿದವರು ಲಾವಣಿಕಾರರು ಮತ್ತು ಕಂಪನಿಯವರು. ಅಲ್ಲಿ ರಾಣಿಯಾದವಳೇ ಹಾಡಬೇಕು, ಕತ್ತಿಯನ್ನೂ ಹಿಡಿಯಬೇಕು. 1961ರಲ್ಲಿ ‘ಕಿತ್ತೂರು ಚೆನ್ನಮ್ಮ’ ಚಿತ್ರ ಬಂದಾಗ ರಾಣಿಯ ರೂಪ ಬಿ. ಸರೋಜಾದೇವಿಯವರದು, ಹಾಡುವ ಕಂಠ ಹಿನ್ನೆಲೆಯಲ್ಲಿ ಬೇರೆಯವರದು. ಚಿತ್ರ ಚೆನ್ನಾಗಿಯೇ ಇತ್ತು, ನಾನದನ್ನು ದೂರುತ್ತಿಲ್ಲ. ಆದರೆ ಹಾಡುವವರು ಬೇರೆ, ಆಡುವವರು ಬೇರೆ ಎಂದಾದ ದಿನವೇ ಗಾಯಕನಟನ ಉದ್ಯೋಗಕ್ಕೆ ಕುತ್ತು ಬಂದಿತೆಂದು ನನಗೆ ತೋರುತ್ತದೆ. ಇಂದು ಜಾತ್ರೆಯ ಥೇಟರುಗಳಲ್ಲಿ ಜನರನ್ನು ಹಿಡಿದಿಡುವುದು ಹಾಸ್ಯ, ಸಂಗೀತವಲ್ಲ.

ಬಾಳಪ್ಪನವರು ಕಂಪನಿಯನ್ನು ಮುಚ್ಚಿದ ಮೇಲೂ ಹಾಡುವುದನ್ನು ಬಿಡಲಿಲ್ಲ. ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ಬಂದಿತು, ಹಂಪಿಯ ವಿಶ್ವವಿದ್ಯಾಲಯದ ನಾಡೋಜ ಪದವಿ ಬಂದಿತು. ಪ್ರಶಸ್ತಿ ಕೊಡುವವರು ಮಾತನಾಡಿರೆಂದರೆ ಈ ವೃದ್ಧರು ರಂಗಗೀತೆಯನ್ನೇ ಎತ್ತಿಕೊಳ್ಳುವರು. ತೊಂಬತ್ತು ದಾಟಿದ ಮೇಲೂ ಹಾಗೆಯೇ. ನಟರಾಗಿ, ನಿರ್ದೇಶಕರಾಗಿ ಹೆಸರು ಮಾಡಿದ ಮಗ ನಟರಾಜರು 2012ರಲ್ಲಿ ಅಕಾಲದಲ್ಲಿ ತೀರಿಕೊಂಡ ದುಃಖವನ್ನೂ ಅವರು ಕಾಣಬೇಕಾಯಿತು. 2017ರ ಆಗಸ್ಟ್ 18ರಂದು, ನೂರು ವರ್ಷಗಳನ್ನು ದಾಟಿದ ಆ ಜೀವ ಕೊನೆಯುಸಿರೆಳೆಯಿತು.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಮೊಬೈಲಿನಲ್ಲಿ ಬಾಳಪ್ಪನವರ ಒಂದು ರಂಗಗೀತೆಯನ್ನು ಹುಡುಕಿ ಅಜ್ಜಿಯ ಕಿವಿಗೆ ಹಿಡಿದೆ. ಹಳೆಯ ಧ್ವನಿಮುದ್ರಣ, ಪೇಟಿಯ ಸದ್ದೇ ಹೆಚ್ಚು. ಅಜ್ಜಿ ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದಳು. ಮುಗಿದ ಮೇಲೆ ಸೆರಗು ಸರಿಪಡಿಸಿಕೊಂಡು, ನನ್ನ ಮಗಳ ಕಡೆಗೊಮ್ಮೆ ನೋಡಿ, ಸ್ವಲ್ಪ ನಾಚಿಕೊಂಡೇ “ವನ್ಸ್‌ಮೋರ್” ಎಂದಳು.