ದ್ವಿಭಾಷಾಜ್ಞಾನವೂ ಮನೆತನದ ಸಾಮಾಜಿಕ ಸ್ಥಿತಿಯೂ

ಎರಡು ಭಾಷೆಗಳ ನಡುವೆ ಬೆಳೆಯುವ ಮಕ್ಕಳ ಬುದ್ಧಿಯು ಮಂದವಾಗುವುದೆಂಬ ಅಭಿಪ್ರಾಯವು ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ವಿದ್ವಾಂಸರಲ್ಲಿಯೂ ಪ್ರಬಲವಾಗಿದ್ದಿತು. ಇದಕ್ಕೆ ಆಧಾರವಾದ ಪರೀಕ್ಷೆಗಳು ಅಳೆದುದು ಭಾಷೆಯ ಪರಿಣಾಮವನ್ನೋ ಬಡತನದ ಪರಿಣಾಮವನ್ನೋ ಎಂಬುದನ್ನು ವಿವೇಚಿಸುವುದು ಅವಶ್ಯಕ. ಏತಕ್ಕೆಂದರೆ ಮಕ್ಕಳ ವಿದ್ಯೆಗೆ ಅಡ್ಡಿಯಾದೀತೆಂದು ತಾಯ್ನುಡಿಯನ್ನು ಕೈಬಿಡುವ ಮನೆಗಳು ಇಂದಿಗೂ ಉಂಟು.

ವೇಲ್ಸ್ ದೇಶದಲ್ಲಿ ಡಿ. ಜೆ. ಸೇರ್ ಎಂಬವರು 7ರಿಂದ 14 ವರ್ಷ ವಯಸ್ಸಿನ ಸುಮಾರು 1,400 ಮಕ್ಕಳನ್ನು ಪರೀಕ್ಷಿಸಿ, ಫಲಿತಾಂಶವನ್ನು 1923ರಲ್ಲಿ ಪ್ರಕಟಿಸಿದರು. ಹಳ್ಳಿಗಳಲ್ಲಿ ವೇಲ್ಷ್, ಇಂಗ್ಲಿಷ್ ಎರಡನ್ನೂ ಬಲ್ಲ ಮಕ್ಕಳು ಒಂದೇ ಭಾಷೆಯವರಿಗಿಂತ ಹಿಂದುಳಿದಿದ್ದರು. ನಗರಗಳಲ್ಲಿ ಹೇಳತಕ್ಕಷ್ಟು ಅಂತರವಿರಲಿಲ್ಲ. ಎರಡು ಭಾಷೆಗಳೇ ಹಾನಿಗೆ ಕಾರಣವಾಗಿದ್ದ ಪಕ್ಷದಲ್ಲಿ ಅದು ನಗರದಲ್ಲಿಯೂ ಕಾಣಬೇಕಾಗಿದ್ದಿತು. ಮುಂದೆ ವೇಲ್ಸಿನಲ್ಲಿಯೇ ಡಬ್ಲ್ಯು. ಆರ್. ಜೋನ್ಸರು, ತಂದೆತಾಯಿಗಳ ಉದ್ಯೋಗವು ಸಮಾನವಾಗಿರುವ ಮಕ್ಕಳನ್ನು ಹೋಲಿಸಿ ನೋಡಲು, ಬುದ್ಧಿಶಕ್ತಿಯ ಅಂತರವು ಮರೆಯಾಯಿತು.

ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಎಲಿಜಬೆತ್ ಪೀಲ್ ಮತ್ತು ವಾಲೆಸ್ ಲ್ಯಾಂಬರ್ಟರು 1962ರಲ್ಲಿ ಪ್ರಕಟಿಸಿದ ಸಂಶೋಧನೆಯು ಈ ವಿಚಾರಕ್ಕೆ ಹೊಸ ದಾರಿಯನ್ನು ತೆರೆಯಿತು. ಹತ್ತು ವರ್ಷದ ಮಕ್ಕಳಲ್ಲಿ ಸಮಾನ ಅಂತಸ್ತಿನವರನ್ನು ಆರಿಸಿಕೊಂಡಾಗ, ಫ್ರೆಂಚನ್ನೂ ಇಂಗ್ಲಿಷನ್ನೂ ಬಲ್ಲವರೇ ಮೇಲಾಗಿ ಕಂಡುಬಂದರು. ಆದರೆ ಎರಡೂ ಭಾಷೆಗಳಲ್ಲಿ ಚೆನ್ನಾಗಿ ನುರಿತವರನ್ನೇ ಆರಿಸಿದ್ದುದರಿಂದ, ಜಾಣರೇ ದ್ವಿಭಾಷಿಗಳಾಗಿದ್ದಿರಬಹುದೆಂಬ ಆಕ್ಷೇಪವು ಉಳಿಯಿತು.

ಈ ಆಕ್ಷೇಪಕ್ಕೆ ಬಹುಮಟ್ಟಿಗೆ ಉತ್ತರವು ಒಡಿಶಾದ ಕಂಧಮಾಲ್ ಸೀಮೆಯಲ್ಲಿ ದೊರೆಯುತ್ತದೆ. ಅಲ್ಲಿಯ ಕಂಧ ಜನರಲ್ಲಿ ಕೆಲವರು ಕನ್ನಡದ ಬಳಗಕ್ಕೇ ಸೇರಿದ ಕುಯಿ ಭಾಷೆಯನ್ನು ಉಳಿಸಿಕೊಂಡು ಒಡಿಯಾವನ್ನೂ ಆಡುವರು. ಉಳಿದವರು ಕುಯಿಯನ್ನು ಮರೆತು ಒಡಿಯಾವನ್ನು ಮಾತ್ರ ಬಲ್ಲರು. ಕುಲವೂ ಜೀವನಸ್ಥಿತಿಯೂ ಎರಡು ಪಂಗಡಗಳಿಗೂ ಹೆಚ್ಚುಕಡಮೆ ಒಂದೇ. ಇವರನ್ನು ಹೋಲಿಸಿದ ಅಜಿತ್ ಮೊಹಂತಿಯವರು, ಭಾಷೆಯ ಸ್ವರೂಪವನ್ನು ಕುರಿತು ಆಲೋಚಿಸುವ ಶಕ್ತಿಯು ದ್ವಿಭಾಷಿಗಳಾದ ಮಕ್ಕಳಲ್ಲಿ ಹೆಚ್ಚೆಂದು ಕಂಡರು. ಅವರ ಗ್ರಂಥವನ್ನು 1994ರಲ್ಲಿ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನವೇ ಪ್ರಕಟಿಸಿತು.

ಅಂತಸ್ತು ಮತ್ತು ಭಾಷೆ ಇವೆರಡರ ಪರಿಣಾಮಗಳನ್ನು ಬೇರ್ಪಡಿಸುವುದಕ್ಕೆ ಅಲೆಹಾಂದ್ರಾ ಕಾಲ್ವೊ ಮತ್ತು ಎಲೆನ್ ಬಿಯಾಲಿಸ್ಟಾಕರು 2014ರಲ್ಲಿ ಪ್ರಕಟಿಸಿದ ಪರೀಕ್ಷೆಯು ಸಹಾಯಕವಾಗಿದೆ. ಆರು ಏಳು ವರ್ಷದ 175 ಮಕ್ಕಳಲ್ಲಿ ಮಧ್ಯಮವರ್ಗದವರು ಶ್ರಮಿಕವರ್ಗದವರಿಗಿಂತ ಭಾಷೆಯಲ್ಲಿಯೂ ಮನೋನಿಯಂತ್ರಣದಲ್ಲಿಯೂ ಮುಂದಿದ್ದರು. ದ್ವಿಭಾಷಿಗಳಾದರೋ ಭಾಷಾಪರೀಕ್ಷೆಯಲ್ಲಿ ಹಿಂದೆ, ಮನೋನಿಯಂತ್ರಣದಲ್ಲಿ ಮುಂದೆ. ಮನೋನಿಯಂತ್ರಣವೆಂದರೆ ಬೇಡವಾದುದನ್ನು ತಡೆದು ಬೇಕಾದುದರಲ್ಲಿ ಚಿತ್ತವನ್ನಿಡುವ ಶಕ್ತಿ. ಒಂದು ಭಾಷೆಯನ್ನು ಆಡುವಾಗ ಇನ್ನೊಂದನ್ನು ಹಿಂದಿಡಬೇಕಾದುದರಿಂದ ಈ ಶಕ್ತಿಗೆ ಸಾಧನೆ ದೊರೆಯುವುದೆಂದು ಊಹಿಸುವರು.

ಶಬ್ದಸಂಪತ್ತಿನ ಕೊರತೆಯೂ ತೋರಿಕೆಯದೇ ಹೊರತು ಬುದ್ಧಿಯ ಲೋಪವಲ್ಲ. ಮನೆಯಲ್ಲಿ ತುಳುವನ್ನಾಡಿ ಶಾಲೆಯಲ್ಲಿ ಕನ್ನಡದಿಂದ ಕಲಿಯುವ ಬಾಲಕನಿಗೆ ಅಡಿಗೆಮನೆಯ ಶಬ್ದಗಳು ತುಳುವಿನಲ್ಲಿಯೂ ಲೆಕ್ಕದ ಶಬ್ದಗಳು ಕನ್ನಡದಲ್ಲಿಯೂ ಒದಗುವುವು. ಒಂದನ್ನೇ ಎಣಿಸಿದರೆ ಕಡಮೆಯಾಗಿ ಕಾಣುವುದು ಸಹಜ.

ದ್ವಿಭಾಷಿಗಳು ಸದಾ ಮೇಲೆಂದು ಇದರಿಂದ ಸಿದ್ಧವಾಗದು. 2007ರಲ್ಲಿ ಮಾರ್ಟನ್ ಮತ್ತು ಹಾರ್ಪರರು ಜನಾಂಗವನ್ನೂ ಅಂತಸ್ತನ್ನೂ ಸಮಗೊಳಿಸಿ ನೋಡಿದಾಗ ಮನೋನಿಯಂತ್ರಣದಲ್ಲಿ ದ್ವಿಭಾಷಿಗಳಿಗೆ ಹೆಚ್ಚಿಗೆಯೇನೂ ಕಾಣಲಿಲ್ಲ. ಉತ್ತಮ ಸ್ಥಿತಿಯ ಮನೆಗಳ ಮಕ್ಕಳೇ ಮುಂದಿದ್ದರು. ಲಾಭದ ವಿಷಯದಲ್ಲಿ ವಿವಾದವು ಇನ್ನೂ ಮುಗಿದಿಲ್ಲ. ಆದರೆ ಹಾನಿಯ ಆರೋಪವು ನಿಲ್ಲತಕ್ಕುದಲ್ಲ. ತಂದೆತಾಯಿಗಳ ವಿದ್ಯೆ, ಬಿಡುವು, ಮನೆಯಲ್ಲಿರುವ ಪುಸ್ತಕಗಳು ಇವು ಮಗುವಿನ ಮಾತನ್ನೂ ಆಲೋಚನೆಯನ್ನೂ ಬೆಳೆಸುತ್ತವೆ. ಇವುಗಳ ಅಭಾವದಿಂದಾದ ಕುಂದನ್ನು ತಾಯ್ನುಡಿಯ ಮೇಲೆ ಹೊರಿಸುವುದು ನ್ಯಾಯವಲ್ಲ. ಬಡವರ ಮನೆಯ ಭಾಷೆಯನ್ನು ಬಿಡಿಸುವುದರಿಂದ ಬಡತನವು ನೀಗುವುದಿಲ್ಲ. ಮಗುವಿಗೆ ಇದ್ದ ಒಂದು ಸಂಪತ್ತು ಮಾತ್ರ ಕೈತಪ್ಪುವುದು.